ಕಣ್ಣಿಗೆ ಸಿಗದ ನೀಹಾರಿಕೆ ಕ್ಯಾಮೆರಾಗೆ ಸಿಗುವುದು ಹೇಗೆ?

ನೀಹಾರಿಕೆ ಎಂದರೆ ಬಾಹ್ಯಾಕಾಶದಲ್ಲಿರುವ ಅನಿಲ, ಧೂಳಿನ ಮೋಡ. ಕುದುರೆತಲೆ ನೀಹಾರಿಕೆಯನ್ನು ಕಣ್ಣಾರೆ ಕಂಡವರು ಕಡಿಮೆ. ದೊಡ್ಡ ದೂರದರ್ಶಕದಲ್ಲೂ ಅದು ಇದೆಯೋ ಇಲ್ಲವೋ ಎನ್ನುವಷ್ಟು ಮಸುಕು. 1888ರಲ್ಲಿ ವಿಲಿಯಮಿನಾ ಫ್ಲೆಮಿಂಗ್ ಅದನ್ನು ಗುರುತಿಸಿದ್ದೂ ಹಾರ್ವರ್ಡ್ ವೀಕ್ಷಣಾಲಯದ ಫೋಟೊ ಗಾಜಿನ ಮೇಲೆ. ಕಣ್ಣು ಬೆಳಕನ್ನು ಕೂಡಿಡಲಾರದು, ಕ್ಯಾಮೆರಾ ಕೂಡಿಡುತ್ತದೆ. ಹಾಗಾಗಿ ಕತ್ತಲೆ ಚೆನ್ನಾಗಿರುವ ಕಡೆ 70–80 ಮಿ.ಮೀ. ವ್ಯಾಸದ ಪುಟ್ಟ ದೂರದರ್ಶಕವೂ ಈ ಕೆಲಸಕ್ಕೆ ಒದಗುತ್ತದೆ.

ಹೊಸಬರು ಹಣವನ್ನೆಲ್ಲ ದೂರದರ್ಶಕಕ್ಕೆ ಸುರಿದು, ಉಳಿದದ್ದರಲ್ಲಿ ಮೌಂಟ್ (ದೂರದರ್ಶಕವನ್ನು ಹೊತ್ತು ತಿರುಗಿಸುವ ಆಧಾರ) ಕೊಳ್ಳುತ್ತಾರೆ. ಉಲ್ಟಾ ಮಾಡಿ. ಆಕಾಶ ಗಂಟೆಗೆ 15 ಡಿಗ್ರಿ ಸರಿಯುತ್ತದೆ. ಅದರ ಜೊತೆಗೇ ತಿರುಗಬೇಕಾದ ಈಕ್ವಟೋರಿಯಲ್ ಮೌಂಟ್ ಅಲುಗಾಡಿದರೆ ಎಂಥ ಲೆನ್ಸ್ ಇದ್ದರೂ ನಕ್ಷತ್ರಗಳು ಗೆರೆಗಳಾಗುತ್ತವೆ. ಸಂಗಮದೂರ (ಫೋಕಲ್ ಲೆಂಗ್ತ್) 400 ಮಿ.ಮೀ. ಆಸುಪಾಸು ಇದ್ದರೆ ಸಾಕು. ನೀಹಾರಿಕೆಗಳು ಮಸುಕೇ ಹೊರತು ಎಲ್ಲವೂ ಚಿಕ್ಕವಲ್ಲ: ರೋಸೆಟ್ ನೀಹಾರಿಕೆ ಹುಣ್ಣಿಮೆ ಚಂದ್ರನ ಎರಡೂವರೆ ಪಟ್ಟು ಅಗಲವಿದೆ.

ಕ್ಯಾಮೆರಾದಲ್ಲಿ ಒಂದು ತೊಡಕಿದೆ. ನೀಹಾರಿಕೆಗಳ ಕೆಂಪು, ಜಲಜನಕ ಸೂಸುವ 656.3 ನ್ಯಾನೊಮೀಟರ್‌ ಬೆಳಕು. ಮಾಮೂಲಿ ಕ್ಯಾಮೆರಾದೊಳಗಿನ ಫಿಲ್ಟರ್ ಅದರ ಬಹುಪಾಲನ್ನು ತಡೆಯುತ್ತದೆ. ಆ ಫಿಲ್ಟರ್ ಬದಲಿಸಿದ ಕ್ಯಾಮೆರಾ ಇದ್ದರೆ ಒಳ್ಳೆಯದು. ಇಲ್ಲವೆಂದರೆ ಒರಾಯನ್ ನೀಹಾರಿಕೆಯಂಥ ಪ್ರಕಾಶಮಾನವಾದದ್ದರಿಂದ ಕೈ ಪಳಗಿಸಿಕೊಳ್ಳಿ.

ಅಮಾವಾಸ್ಯೆಯ ಹಿಂದುಮುಂದಿನ ರಾತ್ರಿ ಆರಿಸಿ, ಬೆಳಕಿರುವಾಗಲೇ ಜಾಗ ತಲುಪಿ. ಕತ್ತಲಾದ ಮೇಲೆ ಮೌಂಟಿನ ಅಕ್ಷವನ್ನು ಆಕಾಶದ ಧ್ರುವಕ್ಕೆ ಹೊಂದಿಸಬೇಕು. ಧ್ರುವ ನಕ್ಷತ್ರ ಸರಿಯಾಗಿ ಧ್ರುವದಲ್ಲಿಲ್ಲ, ಸುಮಾರು 0.6 ಡಿಗ್ರಿ ಪಕ್ಕದಲ್ಲಿದೆ. ಆ ಹೊತ್ತಿಗೆ ಅದು ಯಾವ ಬದಿಗಿದೆ ಎಂಬುದನ್ನು ಮೊಬೈಲ್ ಆ್ಯಪ್ ತೋರಿಸುತ್ತದೆ. ಮೌಂಟಿನ ಧ್ರುವದರ್ಶಕದಲ್ಲಿ (ಅಕ್ಷದ ಗುಂಟ ನೋಡುವ ಪುಟ್ಟ ದೂರದರ್ಶಕ) ಕಾಣುವ ವೃತ್ತದ ಮೇಲೆ ಅದನ್ನು ಅಲ್ಲೇ ಕೂರಿಸಿ. ಇಲ್ಲಿ ಕಳೆದ ಹತ್ತು ನಿಮಿಷ ಇಡೀ ರಾತ್ರಿಯನ್ನು ಕಾಯುತ್ತದೆ.

ಫೋಕಸ್‌ಗೆ ಕಣ್ಣಂದಾಜು ಬೇಡ. ಸೀಳುಗಳಿರುವ ಬಾಹ್ಟಿನೋವ್ ಮುಚ್ಚಳವನ್ನು ದೂರದರ್ಶಕದ ಬಾಯಿಗೆ ಹಾಕಿ, ಹೊಳೆಯುವ ನಕ್ಷತ್ರವೊಂದನ್ನು ನೋಡಿ. ಮೂರು ಗೆರೆಗಳು ಕಾಣುತ್ತವೆ. ಎರಡು ಗೆರೆಗಳ ಗುಣಾಕಾರ ಚಿಹ್ನೆಯ (×) ನಟ್ಟನಡುವೆ ಮೂರನೆಯದು ಹಾದುಹೋದಾಗ ಫೋಕಸ್ ಸರಿಯಾಗಿದೆ. ಮುಚ್ಚಳ ತೆಗೆಯುವುದನ್ನು ಮರೆಯಬೇಡಿ (ಮರೆಯುತ್ತೀರಿ). ರಾತ್ರಿ ತಂಪಾದಂತೆ ಫೋಕಸ್ ಜಾರುತ್ತದೆ, ಗಂಟೆಗೊಮ್ಮೆ ಮತ್ತೆ ನೋಡಿ.

ಇನ್ನು ಎಕ್ಸ್‌ಪೋಷರ್. 1880ರಲ್ಲಿ ಹೆನ್ರಿ ಡ್ರೇಪರ್ ಒರಾಯನ್ ನೀಹಾರಿಕೆಯ ಮೊದಲ ಫೋಟೊಕ್ಕೆ ಒಂದೇ ಗಾಜಿನ ಮೇಲೆ 51 ನಿಮಿಷ ಬೆಳಕು ಬೀಳಿಸಿದರು. ನಾವು ಅಷ್ಟನ್ನೇ ತುಂಡು ಮಾಡಿ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಒಂದಾಗಿಸುತ್ತೇವೆ. ವಿಮಾನವೊಂದು ಅಡ್ಡ ಬಂದರೆ ಹಾಳಾಗುವುದು ಒಂದು ಫ್ರೇಮ್ ಮಾತ್ರ. ಐಎಸ್‌ಒ 800 ಅಥವಾ 1600 (ಕ್ಯಾಮೆರಾದ ಸಂವೇದನೆಯ ಮಟ್ಟ), ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದ ಮೂಲ ಕಡತ). ಆಟೊಗೈಡರ್ (ನಕ್ಷತ್ರವೊಂದನ್ನು ಗಮನಿಸುತ್ತ ಮೌಂಟಿನ ಚಲನೆ ತಿದ್ದುವ ಸಾಧನ) ಇದ್ದರೆ ಎರಡು-ಮೂರು ನಿಮಿಷದ ಫ್ರೇಮ್‌ಗಳು. ಇಲ್ಲದಿದ್ದರೆ ನಕ್ಷತ್ರ ದುಂಡಗೆ ಉಳಿಯುವಷ್ಟು ಹೊತ್ತು. ಹಿಸ್ಟೋಗ್ರಾಂನ (ಕ್ಯಾಮೆರಾ ತೋರಿಸುವ ಬೆಳಕಿನ ಹಂಚಿಕೆಯ ನಕ್ಷೆ) ಗುಡ್ಡ ಎಡಗೋಡೆಯಿಂದ ಬಿಡಿಸಿಕೊಂಡಿರಬೇಕು. ಫ್ರೇಮ್‌ಗಳ ಸಂಖ್ಯೆ ನಾಲ್ಕು ಪಟ್ಟಾದರೆ ಚಿತ್ರದ ಸ್ಪಷ್ಟತೆ ಎರಡು ಪಟ್ಟಷ್ಟೇ ಹೆಚ್ಚುತ್ತದೆ. 100 ಫ್ರೇಮ್ ಸೇರಿದಾಗ ಹತ್ತು ಪಟ್ಟು. ಅದಕ್ಕೇ ನನ್ನ ಹಟ: ಒಂದು ರಾತ್ರಿಗೆ ಒಂದೇ ನೀಹಾರಿಕೆ. ಐದು ಗುರಿಗಳ ಹಿಂದೆ ಓಡಿದವರಿಗೆ ಐದೂ ಅರೆಬರೆ.

ಇಬ್ಬನಿಯ ಮೇಲೆ ಕಣ್ಣಿರಲಿ. ಒಮ್ಮೆ ನಾನು ನಾಲ್ಕು ಗಂಟೆ ತೃಪ್ತಿಯಿಂದ ಕೂತು, ಬೆಳಗ್ಗೆ ನೋಡಿದರೆ ಮುಕ್ಕಾಲು ಪಾಲು ಫ್ರೇಮ್‌ಗಳಲ್ಲಿ ಬರೀ ಹಾಲು ಬಣ್ಣದ ಮಂಜು. ಲೆನ್ಸ್ ಸುತ್ತ ಸುತ್ತುವ ಹೀಟರ್ ಪಟ್ಟಿ ಅಂದಿನಿಂದ ನನ್ನ ಚೀಲ ಬಿಟ್ಟಿಲ್ಲ.

ಜಾಗ ಬಿಟ್ಟು ಹೊರಡುವ ಮುಂಚೆ ದೂರದರ್ಶಕಕ್ಕೆ ಬೆಳಕು ಬಾರದ ಮುಚ್ಚಳ ಹಾಕಿ, ಅದೇ ಐಎಸ್‌ಒ, ಅದೇ ಅವಧಿಯ 20 ಡಾರ್ಕ್ ಫ್ರೇಮ್ ತೆಗೆಯಿರಿ. ಕ್ಯಾಮೆರಾ ಬಿಚ್ಚದೆ, ಫೋಕಸ್ ಮುಟ್ಟದೆ, ಬಾಯಿಗೆ ಬಿಳಿ ಬಟ್ಟೆ ಬಿಗಿದು ಬೆಳಗಿನ ಬೆಳಕಲ್ಲಿ ಅಷ್ಟೇ ಫ್ಲಾಟ್‌ಗಳು. ಮೊದಲನೆಯದು ಸೆನ್ಸರ್‌ನ ಬಿಸಿಚುಕ್ಕೆಗಳನ್ನೂ ಎರಡನೆಯದು ಧೂಳಿನ ಉಂಗುರಗಳನ್ನೂ ಅಳಿಸುತ್ತವೆ.

ಸಿರಿಲ್, ಡೀಪ್‌ಸ್ಕೈಸ್ಟ್ಯಾಕರ್ ಎರಡೂ ಉಚಿತ ಕಂಪ್ಯೂಟರ್ ತಂತ್ರಾಂಶಗಳು. ಫ್ರೇಮ್‌ಗಳನ್ನು ಪೇರಿಸಿ ಒಂದಾಗಿಸುತ್ತವೆ. ಬಂದ ಚಿತ್ರ ಹೆಚ್ಚುಕಡಿಮೆ ಕಪ್ಪಾಗಿರುತ್ತದೆ, ಗಾಬರಿ ಬೇಡ. ತಂತ್ರಾಂಶದಲ್ಲಿ ಹೊಳಪಿನ ಕರ್ವ್ ಅನ್ನು ಸ್ವಲ್ಪಸ್ವಲ್ಪವೇ ಎತ್ತುತ್ತ ಹೋದರೆ ನೀಹಾರಿಕೆ ಮೇಲೇಳುತ್ತದೆ. ಚೆಂದ ಕಾಣಲೆಂದು ಹಿನ್ನೆಲೆಯನ್ನು ಇದ್ದಿಲಿನಂತೆ ಕಪ್ಪು ಮಾಡಬೇಡಿ. ರಾತ್ರಿಯಿಡೀ ಕೂಡಿಟ್ಟ ಅತಿ ಮಸುಕಾದ ಅಂಚುಗಳು ಇರುವುದು ಅಲ್ಲೇ.