ಎಆರ್-15 ಹ್ಯಾಂಡ್‌ಗಾರ್ಡ್: ಮೊದಲು ಬುಡ ನೋಡಿ

ಅಮೆರಿಕದಲ್ಲಿ ಎಆರ್-15 ರೈಫಲ್ ಬಳಸುವವರು ಹ್ಯಾಂಡ್‌ಗಾರ್ಡ್ (ನಳಿಕೆಯ ಸುತ್ತ ಕೈ ಹಿಡಿಯುವ ಕೊಳವೆ) ಕೊಳ್ಳುವಾಗ ತೂಕ ಮಾತ್ರ ನೋಡಬೇಡಿ. ಪೆಟ್ಟು ಬಿದ್ದಾಗ ಅದು ಸಾಮಾನ್ಯವಾಗಿ ಕೈಕೊಡುವುದು ಬುಡದಲ್ಲಿ, ಬ್ಯಾರೆಲ್ ನಟ್ (ಬಂದೂಕಿನ ಒಡಲಾದ ರಿಸೀವರ್‌ಗೆ ನಳಿಕೆಯನ್ನು ಬಿಗಿಯುವ ನಟ್) ಜೊತೆ ಕೂಡುವ ಜಾಗದಲ್ಲಿ. ನಟ್ ಮೇಲೆ ಹ್ಯಾಂಡ್‌ಗಾರ್ಡ್ ಎಷ್ಟು ಉದ್ದ ಕೂರುತ್ತದೆ, ರಿಸೀವರನ್ನು ಹಿಡಿಯುವ ತಿರುಗುತಡೆ ಕಿವಿಗಳಿವೆಯೇ ಎಂದು ನೋಡಿ. ಬರೀ ಎರಡು ಸಣ್ಣ ಸ್ಕ್ರೂಗಳ ಬಿಗಿತವನ್ನೇ ನಂಬಿದ ಕ್ಲಾಂಪ್ ನನಗೆ ಒಪ್ಪಿಗೆಯಿಲ್ಲ: ಬಿಸಿ, ಅದುರಾಟಕ್ಕೆ ಸ್ಕ್ರೂ ಸಡಿಲಾಗಿ ಇಡೀ ಕೊಳವೆ ತಿರುಗಬಹುದು.

6061-ಟಿ6 ಅಲ್ಯೂಮಿನಿಯಂ ಸಾಕು. 7075 ಇನ್ನೂ ಗಟ್ಟಿ, ಆದರೆ ಕೊಳವೆಯ ಗೋಡೆ ತೆಳುವಾಗಿದ್ದರೆ ಆ ಲಾಭ ಉಳಿಯುವುದಿಲ್ಲ. ಲೇಸರ್‌ನಂಥ ಪರಿಕರ ಕೂರಿಸಲು ಎಂ-ಲಾಕ್ ಎಂಬ ಸೀಳುಗಳ ವ್ಯವಸ್ಥೆ ಇರಲಿ. ಅಮೆರಿಕದ ನೌಕಾಪಡೆಯ ಕ್ರೇನ್ ಕೇಂದ್ರದ 2017ರ ಹೋಲಿಕೆಯಲ್ಲಿ ಅದು ಕೀಮಾಡ್ ಎಂಬ ಅಂಥದೇ ಇನ್ನೊಂದು ವ್ಯವಸ್ಥೆಗಿಂತ ಹೆಚ್ಚು ಭಾರ ತಡೆಯಿತು.

ಮನೆಯಲ್ಲೇ ಪರೀಕ್ಷಿಸಿ. ಗುಂಡು ತೆಗೆದು, ಚೇಂಬರ್ ಖಾಲಿಯೆಂದು ಎರಡು ಸಲ ಖಚಿತಪಡಿಸಿಕೊಳ್ಳಿ. ಸ್ಕ್ರೂಗಳನ್ನು ತಯಾರಕರು ಹೇಳಿದ ಟಾರ್ಕ್‌ಗೆ (ತಿರುಗಿಸುವ ಬಲದ ಅಳತೆ) ಬಿಗಿದು, ಅವುಗಳ ಮೇಲೂ ರಿಸೀವರ್ ಸಂದಿಗೆ ಅಡ್ಡವಾಗಿಯೂ ಪೇಂಟ್ ಗೆರೆ ಎಳೆಯಿರಿ. ತುದಿಯನ್ನು ಪಕ್ಕಕ್ಕೆ ಒತ್ತಿ ಬಿಡಿ. ಬಾಗಿ ಮೊದಲ ಜಾಗಕ್ಕೇ ಮರಳಿದರೆ ಅದು ಲೋಹದ ಸಹಜ ಬಾಗು. ಗೆರೆ ಮುರಿದಿದ್ದರೆ ಜೋಡಣೆಯೇ ಜಾರಿದೆ, ಮುಂದೆ ಕಟ್ಟಿದ ಲೇಸರ್‌ನ ಗುರಿಯೂ ತಪ್ಪಿರುತ್ತದೆ.