ಪಿಕಪ್ ಹಿಂದಿನ ‘ಧಡ್’ ಸದ್ದು: ಬಿಚ್ಚುವ ಮೊದಲು ನಾನು ಹುಡುಕಿದ ಬಗೆ

ಹಿಂದಿನಿಂದ ‘ಧಡ್’ ಎನ್ನುವ ಪಿಕಪ್ಪನ್ನು ಗ್ಯಾರೇಜಿಗೆ ಒಯ್ದರೆ ಬಹಳ ಸಲ ಸಿಗುವ ಉತ್ತರ, ‘ಡಿಫರೆನ್ಷಿಯಲ್ ಬಿಚ್ಚಿ ನೋಡಬೇಕು’. ಡಿಫರೆನ್ಷಿಯಲ್ ಎಂದರೆ ಇಂಜಿನ್ನಿನ ತಿರುಗನ್ನು ಹಿಂದಿನ ಎರಡು ಚಕ್ರಗಳಿಗೆ ಹಂಚುವ ಹಲ್ಲುಚಕ್ರಗಳ ಡಬ್ಬಿ. ನನಗೂ ಅದನ್ನೇ ಹೇಳಿದರು. ನಾನು ಒಪ್ಪಲಿಲ್ಲ. ತಿಪಟೂರಿಗೆ ಕೊಬ್ಬರಿ ಚೀಲ ಹೊತ್ತು ಹೋಗುವಾಗ ಬರುತ್ತಿದ್ದ ಸದ್ದೇ ಬೇರೆ, ಖಾಲಿ ಗಾಡಿ ವಾಪಸು ತರುವಾಗಿನ ಸದ್ದೇ ಬೇರೆ. ಡಿಫರೆನ್ಷಿಯಲ್ ಹಲ್ಲಿನ ತೊಂದರೆ ರಸ್ತೆಯ ಗುಂಡಿಗಾಗಿ ಕಾಯುವುದಿಲ್ಲ. ಕ್ಲಚ್ ಬಿಟ್ಟಾಗ, ಆಕ್ಸಿಲರೇಟರ್ ಒತ್ತಿ ಬಿಟ್ಟಾಗ ಕೇಳಿಸಲೇಬೇಕು. ನನ್ನ ಗಾಡಿಯಲ್ಲಿ ಆ ಹೊತ್ತಿನಲ್ಲಿ ಸದ್ದೇ ಇರಲಿಲ್ಲ.

ಹಾಗಾಗಿ ಸ್ಪ್ಯಾನರ್ ಮುಟ್ಟುವ ಮೊದಲು ನಾನು ಮಾಡಿದ್ದು ಸದ್ದು ಯಾವಾಗ ಬರುತ್ತದೆ ಎಂದು ಗಮನಿಸುವ ಕೆಲಸ. ಲೋಡ್ ಇದ್ದು ಬ್ರೇಕ್ ಹಿಡಿದಾಗ ಒಂಟಿ ‘ಧಡ್’, ಖಾಲಿಯಲ್ಲಿ ಗುಂಡಿ ಇಳಿದಾಗ ‘ಗಡಗಡ’ ಎಂದು ಬೇರೆಬೇರೆಯಾಗಿ ಬರೆದಿಟ್ಟುಕೊಂಡೆ. ಎಲ್ಲಿಂದ ಬರುತ್ತದೆ ಎಂಬುದನ್ನು ಕಿವಿ ಸರಿಯಾಗಿ ಹೇಳುವುದಿಲ್ಲ. ಚಾಸಿಸ್ ಉದ್ದಕ್ಕೂ ಕಬ್ಬಿಣ, ಎಡಗಡೆ ಬಡಿದದ್ದು ಬಲಗಡೆ ಕೇಳಿಸುತ್ತದೆ.

ಮೊದಲು ಜಾಕ್, ಲಿವರ್, ಹಗ್ಗದ ಕೊಕ್ಕೆಗಳನ್ನೆಲ್ಲ ಕೆಳಗಿಳಿಸಿದೆ. ಹಿಂಬಾಗಿಲಿನ ಚಿಲಕಕ್ಕೆ ರಬ್ಬರ್ ತುಂಡು ಸಿಕ್ಕಿಸಿದೆ. ಚಾಸಿಸ್ ಅಡಿ ನೇತಾಡುವ ಸ್ಟೆಪ್ನಿಯನ್ನು ಬಿಗಿ ಮಾಡಿದೆ. ಸೈಲೆನ್ಸರ್ ರಬ್ಬರ್ ಹರಿದಿದೆಯೇ, ಬಾಡಿಯನ್ನು ಚಾಸಿಸ್‌ಗೆ ಕಟ್ಟುವ ಬೋಲ್ಟ್ ಸಡಿಲವೇ ಎಂದೂ ನೋಡಿದೆ. ಅಲ್ಲೇನೂ ಇರಲಿಲ್ಲ.

ನಂತರ ಸಮತಟ್ಟಾದ ಜಾಗದಲ್ಲಿ ಚಕ್ರಗಳಿಗೆ ಕಲ್ಲು ಕೊಟ್ಟು, ಗೇರ್ ನ್ಯೂಟ್ರಲ್ ಮಾಡಿ, ಅಡಿಗೆ ಹೋಗಿ, ಗೇರ್‌ಬಾಕ್ಸಿನಿಂದ ಡಿಫರೆನ್ಷಿಯಲ್‌ಗೆ ತಿರುಗು ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಕೈಯಲ್ಲಿ ತಿರುಗಿಸಿದೆ. ಸ್ವಲ್ಪ ಆಟ, ಅಂದರೆ ಸಡಿಲ, ಇದ್ದೇ ಇರುತ್ತದೆ, ಅದಕ್ಕೆ ಹೆದರಬೇಕಿಲ್ಲ. ನೋಡಬೇಕಾದ್ದು ಶಾಫ್ಟಿನ ತುದಿಯ ಕೀಲಾದ ಕ್ರಾಸ್ ಒಳಗೆ ಆಟವಿದೆಯೇ, ಅದರ ಬೇರಿಂಗ್ ಕೂರುವ ಬಟ್ಟಲಿನ (ಕಪ್) ಸುತ್ತ ಕೆಂಪು ತುಕ್ಕುಪುಡಿ ಕಾಣುತ್ತದೆಯೇ ಎಂದು. ಆ ಪುಡಿ ಕಂಡರೆ ಒಳಗಿನ ಸೂಜಿ ಬೇರಿಂಗ್ ಒಣಗಿದೆ ಎಂದೇ ಅರ್ಥ. ಡಿಫರೆನ್ಷಿಯಲ್ ಮುಂದೆ ಶಾಫ್ಟ್ ಸೇರುವ ಬಿಲ್ಲೆಯನ್ನು (ಫ್ಲ್ಯಾಂಜ್) ಮೇಲೆ ಕೆಳಗೆ ಅಲುಗಾಡಿಸಿದೆ. ಅದು ಅಲುಗಿದ್ದರೆ ಡಿಫರೆನ್ಷಿಯಲ್ ಒಳಗಿನ ಚಿಕ್ಕ ಹಲ್ಲುಚಕ್ರದ (ಪಿನಿಯನ್) ಬೇರಿಂಗ್ ಮೇಲೆ ಅನುಮಾನ ಬರುತ್ತಿತ್ತು. ಅಲುಗಲಿಲ್ಲ. ಗಾಡಿ ನಿಲ್ಲುವ ಹೊತ್ತಿಗೆ, ಇಲ್ಲವೇ ಹೊರಡುವಾಗ ಒಂದೇ ಒಂದು ‘ಟಕ್’ ಬರುವ ಗಾಡಿಗಳೂ ಇವೆ. ಅಲ್ಲಿ ಬಹಳ ಸಲ ಶಾಫ್ಟ್ ಉದ್ದ-ಗಿಡ್ಡವಾಗಲು ಜಾರುವ ಸ್ಲಿಪ್ ಜಾಯಿಂಟ್ ಒಣಗಿ ಹಿಡಿದುಕೊಂಡಿರುತ್ತದೆ, ನಿಪ್ಪಲ್‌ಗೆ ಗ್ರೀಸ್ ಹೊಡೆದರೆ ಮುಗಿಯಿತು.

ಇಷ್ಟಾದ ಮೇಲೆ ಉಳಿದದ್ದು ಕಮಾನು ಪಟ್ಟಿಯ (ಲೀಫ್ ಸ್ಪ್ರಿಂಗ್), ಅಂದರೆ ಹಿಂದಿನ ಭಾರ ಹೊರುವ ಉಕ್ಕಿನ ಪಟ್ಟಿಗಳ ಭಾಗ. ಖಾಲಿ ಗಾಡಿಯನ್ನು 15 ಕಿ.ಮೀ. ವೇಗದಲ್ಲಿ ಸ್ಪೀಡ್ ಬ್ರೇಕರ್ ಮೇಲೆ ಒಂದೊಂದೇ ಚಕ್ರ ಹತ್ತುವಂತೆ ಓಡಿಸಿದೆ, ತಮ್ಮ ದೂರ ನಿಂತು ಕೇಳಿದ. ಬಲ ಚಕ್ರ ಇಳಿದಾಗ ಮಾತ್ರ ‘ಗಡಗಡ’. ಬಲಗಡೆ ಶಾಕ್ ಅಬ್ಸಾರ್ಬರನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಅದರ ಕೆಳತುದಿಯ ಬಳೆ (ಕಣ್ಣು) ಪಿನ್ನಿಗೆ ಟಕಟಕ ಬಡಿಯಿತು. ಎರಡರ ನಡುವಿನ ಬುಷ್ ರಬ್ಬರ್ ಪೂರ್ತಿ ಕರಗಿಹೋಗಿತ್ತು. ಖಾಲಿ ಗಾಡಿಯ ಹಿಂಭಾಗ ಹಗುರ, ಕಮಾನು ಗಟ್ಟಿ, ಚಕ್ರ ಚಿಮ್ಮುತ್ತದೆ. ಅದಕ್ಕೇ ಆ ಸದ್ದು ಖಾಲಿಯಲ್ಲಿ ಎದ್ದು ಕೇಳುತ್ತಿತ್ತು. ಬುಷ್ ಎರಡೂ ಕಡೆ ಬದಲಿಸಿದೆ.

ಆದರೆ ಲೋಡ್ ಇದ್ದಾಗ ಬ್ರೇಕ್ ಹಿಡಿದರೆ ಬರುತ್ತಿದ್ದ ಒಂಟಿ ‘ಧಡ್’ ಹಾಗೇ ಉಳಿಯಿತು. ಒಂದೇ ಗಾಡಿಯಲ್ಲಿ ಎರಡು ಬೇರೆ ದೋಷಗಳಿದ್ದರೆ ಒಂದನ್ನು ಸರಿಮಾಡಿದವನು ‘ಇದಲ್ಲ’ ಎಂದುಕೊಂಡು ದಾರಿ ತಪ್ಪುವುದು ಸುಲಭ. ಸದ್ದು ಬರುವ ಹೊತ್ತನ್ನು ಮೊದಲೇ ಬೇರೆಬೇರೆಯಾಗಿ ಬರೆದಿಟ್ಟುಕೊಂಡಿದ್ದು ಇಲ್ಲಿ ಕೈಹಿಡಿಯಿತು.

ಬ್ರೇಕ್ ಹಿಡಿದಾಗ ಹಿಂದಿನ ಆಕ್ಸಲ್ ತಿರುಚಿಕೊಳ್ಳಲು ನೋಡುತ್ತದೆ. ಅದನ್ನು ಕಮಾನಿಗೆ ಹಿಡಿದಿಡುವುದು ಯು-ಬೋಲ್ಟ್. ಹಾಗಾಗಿ ಕಮಾನಿನ ಕೆಳಪಟ್ಟಿಯಿಂದ ಅದು ಕೂರುವ ಆಕ್ಸಲ್ ಪ್ಯಾಡಿನವರೆಗೆ ಎರಡೂ ಕಡೆ ಬಿಳಿ ಪೇಂಟಿನಲ್ಲಿ ಒಂದೊಂದು ನೇರ ಗೆರೆ ಎಳೆದೆ. ಚೀಲ ಹೇರಿ, ಖಾಲಿ ದಾರಿಯಲ್ಲಿ ಮೆಲ್ಲಗೆ ಓಡಿಸಿ ಹಲವು ಸಲ ಬ್ರೇಕ್ ಹಿಡಿದೆ. ಬಂದು ನೋಡಿದರೆ ಎಡಗಡೆಯ ಗೆರೆ ಮುರಿದಿತ್ತು, ಆಕ್ಸಲ್ ಜರುಗಿತ್ತು. ಯು-ಬೋಲ್ಟ್ ತಾಗುವ ಜಾಗದಲ್ಲಿ ಕಬ್ಬಿಣ ಉಜ್ಜಿ ಹೊಳೆಯುತ್ತಿತ್ತು.

ಕಮಾನು ಕೆಲಸದವರಲ್ಲಿ ಬಿಚ್ಚಿಸಿದಾಗ, ಪಟ್ಟಿಗಳನ್ನು ನಡುವೆ ಪೋಣಿಸಿ ಹಿಡಿಯುವ ಸೆಂಟರ್ ಬೋಲ್ಟ್ ಎರಡು ತುಂಡು. ಯು-ಬೋಲ್ಟ್ ಸಡಿಲವಾದರೆ ಪಟ್ಟಿಗಳು ಒಂದರ ಮೇಲೊಂದು ಜಾರುತ್ತವೆ, ಭಾರವೆಲ್ಲ ಸೆಂಟರ್ ಬೋಲ್ಟ್ ಮೇಲೆ ಬಿದ್ದು ಅದು ಕತ್ತರಿಸಿಹೋಗುತ್ತದೆ. ಹಾಗೇ ಓಡಿಸಿದರೆ ಆಕ್ಸಲ್ ಓರೆಯಾಗಿ ಗಾಡಿ ಏಡಿಯಂತೆ ಪಕ್ಕಕ್ಕೆ ಎಳೆಯುತ್ತದೆ, ಟೈರು ಸವೆಯುತ್ತದೆ, ಒಂದೂವರೆ ಟನ್ ಹೊತ್ತು ಇಳಿಜಾರಿನಲ್ಲಿ ಏನಾಗಬಹುದೆಂದು ಹೇಳಬೇಕಿಲ್ಲ. ಇಂಥ ಗಾಡಿಯನ್ನು ‘ನಾಳೆ ನೋಡೋಣ’ ಎಂದು ಲೋಡಿಗೆ ಕಳಿಸಬೇಡಿ ಎಂದು ಕಳಕಳಿಯಿಂದ ಹೇಳುತ್ತೇನೆ.

ಸೆಂಟರ್ ಬೋಲ್ಟ್ ಜೊತೆಗೆ ಯು-ಬೋಲ್ಟ್, ನಟ್ಟುಗಳನ್ನೂ ಹೊಸದಾಗಿ ಹಾಕಿಸಿದೆ. ಒಮ್ಮೆ ಎಳೆದುಕೊಂಡ ಹಳೆಯ ಯು-ಬೋಲ್ಟ್ ಮತ್ತೆ ಅದೇ ಬಿಗಿ ಹಿಡಿಯುವುದಿಲ್ಲ. ನಾಲ್ಕು ನಟ್ಟುಗಳನ್ನು ಒಂದು ಮೂಲೆಯಿಂದ ಎದುರು ಮೂಲೆಗೆ ಹೋಗುತ್ತ, ಸ್ವಲ್ಪಸ್ವಲ್ಪವೇ, ಟಾರ್ಕ್ ರೆಂಚಿನಲ್ಲಿ ಗಾಡಿಯ ಕೈಪಿಡಿಯ ಅಳತೆಗೆ ಬಿಗಿಸಬೇಕು. ಕಮಾನಿನ ತುದಿಯನ್ನು ಚಾಸಿಸ್‌ಗೆ ಸೇರಿಸುವ ಶ್ಯಾಕಲ್ ಬೋಲ್ಟನ್ನೂ ತೆಗೆದಿದ್ದರೆ, ಗಾಡಿ ನೆಲಕ್ಕಿಳಿದು ತೂಕ ಕೂತ ಮೇಲೆಯೇ ಅದರ ಕೊನೆಯ ಬಿಗಿ. ಇಲ್ಲವಾದರೆ ರಬ್ಬರ್ ಬುಷ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಅಡಿಗೆ ಹೋಗುವವರು ಬರೀ ಜಾಕ್ ನಂಬಬೇಡಿ, ಸ್ಟ್ಯಾಂಡ್ ಕೊಡಿ.

ಲೋಡ್ ಹೊತ್ತು ಕೆಲವು ಟ್ರಿಪ್ ಓಡಿದ ಮೇಲೆ ಪಟ್ಟಿಗಳು ಕೂತುಕೊಂಡು ಯು-ಬೋಲ್ಟ್ ಮತ್ತೆ ಸ್ವಲ್ಪ ಸಡಿಲವಾಗುತ್ತದೆ. ಆಗ ಇನ್ನೊಮ್ಮೆ ರೆಂಚ್ ಹಿಡಿದೆ, ನಟ್ಟು ತುಸು ತಿರುಗಿತು. ಬಿಳಿ ಗೆರೆಯನ್ನು ಎರಡೂ ಕಡೆ ಹೊಸದಾಗಿ ಎಳೆದಿದ್ದೇನೆ, ಗ್ರೀಸ್ ಹೊಡೆಯಲು ಅಡಿಗೆ ಹೋದಾಗಲೆಲ್ಲ ನೋಡುತ್ತೇನೆ.