ಫ್ಯಾಟಿ ಲಿವರ್ ಇದ್ದವರು ಥೈರಾಯ್ಡ್ ಸರಿಮಾಡಿಕೊಳ್ಳುವುದು ಹೇಗೆ?

ಸ್ಕ್ಯಾನ್ ವರದಿಯಲ್ಲಿ ‘ಫ್ಯಾಟಿ ಲಿವರ್’ (ಯಕೃತ್ತಿನಲ್ಲಿ ಕೊಬ್ಬು) ಎಂದು ಬಂದರೆ ರಕ್ತಪರೀಕ್ಷೆಯ ಚೀಟಿಗೆ ಟಿಎಸ್‌ಎಚ್ ಕೂಡ ಸೇರಿಸಿ. ಥೈರಾಯ್ಡ್‌ಗೆ ಕೆಲಸ ಹೇಳುವ ಹಾರ್ಮೋನ್ ಇದು; ಥೈರಾಯ್ಡ್ ಮಂದವಾದರೆ ಇದು ಏರುತ್ತದೆ. ಥೈರಾಯ್ಡ್ ಗ್ರಂಥಿ ಸ್ರವಿಸುವುದು ಬಹುಪಾಲು ಟಿ4 ಎಂಬ ಹಾರ್ಮೋನ್. ಯಕೃತ್ತು ಅದನ್ನು ಚುರುಕಾದ ಟಿ3 ಆಗಿ ಬದಲಿಸಿಕೊಂಡು, ಅದರ ಬಲದಿಂದಲೇ ಕೊಬ್ಬನ್ನು ಉರಿಸುತ್ತದೆ. ಹಾರ್ಮೋನ್ ಕಡಿಮೆಯಾದರೆ ಕೊಬ್ಬು ಅಲ್ಲೇ ಉಳಿಯುತ್ತದೆ, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಕೂಡ ಏರುತ್ತದೆ.

ಮೊದಲು ಪರೀಕ್ಷೆ. ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ನುಂಗುತ್ತಿದ್ದರೆ ಎರಡು ದಿನ ಮೊದಲೇ ನಿಲ್ಲಿಸಿ. ಅದು ಟಿಎಸ್‌ಎಚ್ ಅನ್ನು ಸುಳ್ಳೇ ಕಡಿಮೆ ತೋರಿಸಬಲ್ಲದು. ಟಿಎಸ್‌ಎಚ್ ತುಸು ಹೆಚ್ಚಿದ್ದರೆ ಒಂದೇ ವರದಿ ನಂಬಿ ಮಾತ್ರೆ ಶುರುಮಾಡಬೇಡಿ. ಕೆಲವು ವಾರ ಬಿಟ್ಟು ಫ್ರೀ ಟಿ4 (ರಕ್ತದಲ್ಲಿ ಬಿಡಿಯಾಗಿರುವ ಟಿ4) ಜೊತೆ ಮತ್ತೊಮ್ಮೆ ನೋಡಬೇಕು.

ವೈದ್ಯರು ಲಿವೊಥೈರಾಕ್ಸಿನ್ (ಟಿ4 ತುಂಬುವ ಥೈರಾಯ್ಡ್ ಮಾತ್ರೆ) ಬರೆದುಕೊಟ್ಟರೆ, ಹೆಚ್ಚಿನವರು ಎಡವುವುದು ಇನ್ನು ಮುಂದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನ ಜೊತೆ ನುಂಗಿ. ಆಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆ ಏನೂ ಬೇಡ. ಕಾಫಿಯೂ ಬೇಡ, ಅದು ಔಷಧ ಮೈಗೆ ಹತ್ತುವುದನ್ನು ತಗ್ಗಿಸುತ್ತದೆ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರ ಕೊಡಿ. ಅವು ಕರುಳಿನಲ್ಲೇ ಔಷಧಕ್ಕೆ ಅಂಟಿಕೊಂಡು ಅದನ್ನು ಹೊರಗೆ ಸಾಗಿಸಿಬಿಡುತ್ತವೆ. ಬೆಳಗಿನ ಗಡಿಬಿಡಿಯಲ್ಲಿ ಇದಾಗದಿದ್ದರೆ, ವೈದ್ಯರಿಗೆ ಹೇಳಿ, ಊಟವಾಗಿ ಮೂರು ಗಂಟೆ ಕಳೆದ ಮೇಲೆ ಮಲಗುವಾಗ ನುಂಗಿ. ಒಂದು ದಿನ ಬೆಳಿಗ್ಗೆ, ಒಂದು ದಿನ ರಾತ್ರಿ ಎನ್ನುವ ಆಟ ಮಾತ್ರ ಬೇಡ. ರಕ್ತದಲ್ಲಿ ಈ ಔಷಧ ಅರ್ಧದಷ್ಟು ಇಳಿಯಲು ಸುಮಾರು ಏಳು ದಿನ ಬೇಕು. ಹಾಗಾಗಿ ಡೋಸ್ ಬದಲಿಸಿದ ಹದಿನೈದೇ ದಿನಕ್ಕೆ ಪರೀಕ್ಷಿಸಿದರೆ ದುಡ್ಡು ದಂಡ; 6ರಿಂದ 8 ವಾರ ಕಾಯಿರಿ. ‘ಲಿವರ್ ಡಿಟಾಕ್ಸ್’ ಪುಡಿಗಳನ್ನು ಮನೆಯೊಳಗೇ ಬಿಟ್ಟುಕೊಳ್ಳಬೇಡಿ. ಗಿಡಮೂಲಿಕೆಯದ್ದೆಂದು ಕೊಂಡ ಪುಡಿಯೂ ಯಕೃತ್ತನ್ನೇ ಕೆಡಿಸಿದ್ದುಂಟು.

ಇನ್ನು ಯಕೃತ್ತಿನ ಗಾಯದ (ಒಳಗೆ ಕಟ್ಟುವ ಗಟ್ಟಿ ಕಲೆ) ಅಂದಾಜು. ಎಎಸ್‌ಟಿ, ಎಎಲ್‌ಟಿ ಎಂದರೆ ರಕ್ತಪರೀಕ್ಷೆಯಲ್ಲಿ ಸಿಗುವ ಯಕೃತ್ತಿನ ಕಿಣ್ವಗಳು. ವಯಸ್ಸನ್ನು ಎಎಸ್‌ಟಿಯಿಂದ ಗುಣಿಸಿ, ಅದನ್ನು ಪ್ಲೇಟ್‌ಲೆಟ್ (ಸಾವಿರಗಳಲ್ಲಿ) ಮತ್ತು ಎಎಲ್‌ಟಿಯ ವರ್ಗಮೂಲ ಇವೆರಡರ ಗುಣಲಬ್ಧದಿಂದ ಭಾಗಿಸಿ. ಇದೇ ಫಿಬ್-4. 1.3ಕ್ಕಿಂತ ಕಡಿಮೆಯಿದ್ದರೆ ಗಂಭೀರ ಗಾಯದ ಸಾಧ್ಯತೆ ಕಡಿಮೆ, 65 ದಾಟಿದವರಿಗೆ ಈ ಗಡಿ 2. ಹೆಚ್ಚಿದ್ದರೆ ಫೈಬ್ರೊಸ್ಕ್ಯಾನ್ (ಯಕೃತ್ತಿನ ಗಡಸುತನ ಅಳೆಯುವ ಸ್ಕ್ಯಾನ್) ಮಾಡಿಸಿ. ಟಿಎಸ್‌ಎಚ್ ವಿಪರೀತ ಏರಿದ್ದಾಗ ಸ್ನಾಯುಗಳಿಂದಲೂ ಎಎಸ್‌ಟಿ ರಕ್ತಕ್ಕೆ ಸೋರಿ ಲೆಕ್ಕ ಉಬ್ಬುತ್ತದೆ. ಆಗ ಸಿಕೆ (ಸ್ನಾಯುವಿನ ಕಿಣ್ವ) ನೋಡಿ, ಥೈರಾಯ್ಡ್ ಹದಕ್ಕೆ ಬಂದ ಮೇಲೆ ಮತ್ತೆ ಲೆಕ್ಕ ಹಾಕಿ.

ತೂಕ ಇಳಿಸುವುದು ತಪ್ಪದು: 5% ಇಳಿದರೆ ಕೊಬ್ಬು ಕರಗುತ್ತದೆ, ಉರಿಯೂತ ತಗ್ಗಲು 7ರಿಂದ 10% ಬೇಕು.

ಟಿಎಸ್‌ಎಚ್ ಸರಿಯಿದ್ದವರು ಯಕೃತ್ತಿಗೆಂದು ಥೈರಾಯ್ಡ್ ಮಾತ್ರೆ ಮುಟ್ಟಕೂಡದು: ಎದೆಬಡಿತ ತಾಳ ತಪ್ಪುತ್ತದೆ, ಮೂಳೆ ಸವೆಯುತ್ತದೆ. 2024ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಫ್ಯಾಟಿ ಲಿವರ್ ಔಷಧ ರೆಸ್ಮೆಟಿರೊಮ್ ಬೇರೆಯದೇ. ಅದು ಮುಖ್ಯವಾಗಿ ಯಕೃತ್ತಿನಲ್ಲಿ ಥೈರಾಯ್ಡ್ ಹಾರ್ಮೋನ್ ಕೂರುವ ತಾಣವಾದ ಬೀಟಾ ಗ್ರಾಹಕವನ್ನಷ್ಟೇ ಚುರುಕುಗೊಳಿಸುತ್ತದೆ.